ಭಾನುವಾರದ ಸೂಜಿ

ನಾನು ಬೈಯುವವಳು. ಹಿರೇಕೆರೂರಿನ ನಮ್ಮ ನರ್ಸಿಂಗ್ ಹೋಮಿಗೆ ಒಮ್ಮೆ ಬಂದು ಹೋದವರಿಗೆಲ್ಲ ಇದು ಚೆನ್ನಾಗಿ ಗೊತ್ತು. ಏಳು ದಿನದ ಗುಳಿಗೆ ಬರೆದುಕೊಟ್ಟರೆ ಎರಡು ದಿನ ನುಂಗಿ, ಮೈ ಹಗುರಾದ ಕೂಡಲೇ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ದೇವರ ಜಗಲಿಯ ಮೇಲೆ ಎತ್ತಿಡುವವರನ್ನು ನಾನು ಸುಮ್ಮನೆ ಬಿಟ್ಟಿದ್ದೇ ಇಲ್ಲ. ಅಬಲೂರಿನ ಒಬ್ಬ ಹಿರಿಯರು, "ಆರಾಮ ಆತಲ್ಲ ಸಿಸ್ಟರ್, ಮತ್ಯಾಕ ತಿನ್ನೂದು?" ಎಂದರು. "ಜ್ವಾಳದ ಹೊಲದಾಗ ಅರ್ಧಾ ಕಸಾ ಕಿತ್ತು ಅರ್ಧಾ ಬಿಟ್ಟ ಬರ್ತೀರೇನ್ರಿ ಯಜಮಾನ್ರ? ಉಳದ ಕಸಾ ಸುಮ್ಮ ಕುಂದರತೈತೇನು?" ಎಂದು ಕೇಳಿದೆ. ಅವರು ನಕ್ಕರು. ಮುಂದಿನ ಸಲ ಬಂದಾಗ ಖಾಲಿಯಾದ ಗುಳಿಗೆಪಟ್ಟಿ ತೋರಿಸಿ ಹೋದರು. ನನ್ನ ಆ ಮಾತನ್ನು ಡಾಕ್ಟರು ಕೇಳಿಸಿಕೊಂಡು ನಾಲ್ಕು ಜನರ ಮುಂದೆ ಹೇಳಿದರು. ನಾನು ಎರಡು ದಿನ ಉಬ್ಬಿಕೊಂಡೇ ಓಡಾಡಿದೆ.

ನನ್ನ ಹೆಸರು ಮಂಜುಳಾ. ಹುಟ್ಟಿದ ಊರು ಮಾಸೂರು. ನರ್ಸಿಂಗ್ ಕಲಿತ ಮೇಲೆ ಸವಣೂರು, ಹಾನಗಲ್ಲು, ಶಿಗ್ಗಾಂವಿ ಎಂದು ಅಲ್ಲಿ ಎರಡು ವರ್ಷ ಇಲ್ಲಿ ಮೂರು ವರ್ಷ ದುಡಿದು, ಹನ್ನೊಂದು ವರ್ಷದ ಹಿಂದೆ ಹಿರೇಕೆರೂರಿಗೆ ಬಂದು ನಿಂತೆ. ಈಗ ಇಲ್ಲಿ ನಾನೇ ಹಿರಿಯ ನರ್ಸು. ಅಪ್ಪ ಇಲ್ಲ. ಅವ್ವ ಅನ್ನವ್ವ ಮಾಸೂರಿನಲ್ಲಿ ನನ್ನ ತಮ್ಮ ಸುನೀಲನ ಜೊತೆ ಇದ್ದಳು, ಬೀಜದ ಪ್ಲಾಟಿಗೆ, ಎಂದರೆ ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ಹೊಲಕ್ಕೆ, ಕೂಲಿಗೆ ಹೋಗುತ್ತಿದ್ದಳು.

ಬೀಜದ ಪ್ಲಾಟಿನ ಕೆಲಸ ಕಂಡವರಿಗೇ ಗೊತ್ತು. ನಾಳೆ ಅರಳಬೇಕಾದ ಹತ್ತಿಯ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಉಗುರಿನಿಂದ ತೆಗೆದು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಿ ಬರಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಅದಕ್ಕೆ ತೀಡಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೂವು ಯಾರಿಗೂ ಕಾಯುವುದಿಲ್ಲ. ಒಂದು ಬೆಳಿಗ್ಗೆ ತಪ್ಪಿದರೆ ಅಷ್ಟೂ ಮೊಗ್ಗು ಹಾಳು, ತಪ್ಪಿಸಿದ ಹೆಂಗಸನ್ನು ಮತ್ತೆ ಕರೆಯುವುದಿಲ್ಲ. ಇಷ್ಟು ನಾಜೂಕಿನ ಕೆಲಸಕ್ಕೆ ಹೆಂಗಸರೇ ಬೇಕು, ಆದರೆ ಹೆಂಗಸರಿಗೆ ಒಂದು ಮರೆ ಬೇಕೆಂದು ಯಾರಿಗೂ ಹೊಳೆದಿಲ್ಲ. ನಾಲ್ಕೂ ಕಡೆ ಬಯಲು, ಬದುವಿನ ಮೇಲೆ ಗಂಡಸರ ಮೇಲುಸ್ತುವಾರಿ. ಹಾಗಾಗಿ ಅಲ್ಲಿ ದುಡಿಯುವ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಡಿದರೂ ತಡೆದುಕೊಳ್ಳುತ್ತಾರೆ. ಅವ್ವನಿಗೆ ಉರಿಮೂತ್ರ ಹತ್ತಿದ್ದು ಹೀಗೆ.

ಮೂರು ವರ್ಷದ ಹಿಂದೆ ಒಂದು ಭಾನುವಾರ ನಾನು ಊರಿಗೆ ಹೋದಾಗ ಅವ್ವ ಕಟ್ಟೆಯ ಮೇಲೆ ಕೆಳಹೊಟ್ಟೆ ಹಿಡಿದುಕೊಂಡು ಕೂತಿದ್ದಳು. "ಕಾಲ್ಮಡಿಗೆ ಹ್ವಾದ್ರ ಬೆಂಕಿ ಉರದಂಗ ಆಗಾಕತ್ತೈತಿ" ಎಂದಳು. ದವಾಖಾನೆಗೆ ಬಾ ಎಂದೆ. "ಹೂವಿನ ಕಾಲ ಮುಗೀಲಿ" ಎಂದಳು. ನನ್ನ ಚೀಲದಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಸೂಜಿಮದ್ದಿನ ಒಂದು ಬಾಟಲಿ ಇತ್ತು. ಗುಣವಾಗಿ ಮನೆಗೆ ಹೋಗುವವರು ಮಂಚದ ಪಕ್ಕ ಮದ್ದು ಬಿಟ್ಟು ಹೋಗುತ್ತಾರೆ. ಚೆಲ್ಲಲು ಮನಸ್ಸು ಬರದೆ ನಾನು ಎತ್ತಿಟ್ಟುಕೊಂಡಿದ್ದೆ. ಅವ್ವನನ್ನು ಒಳಗೆ ಮಲಗಿಸಿ ಸೊಂಟಕ್ಕೆ ಚುಚ್ಚಿದೆ. ಸೋಮವಾರ ಸಂಜೆ ಫೋನು ಬಂತು. "ಉರಿ ಹೋತು ನೋಡ. ಎಂಥಾ ಕೈಗುಣ ನಿಂದು" ಎಂದಳು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನರಿಗೆ ಸೂಜಿ ಮಾಡಿದ್ದೇನೆ. ಕೈಗುಣ ಎಂದವಳು ಅವ್ವ ಒಬ್ಬಳೇ.

ಅಲ್ಲಿಂದ ಶುರುವಾಯಿತು. ಮೊದಮೊದಲು ಉರಿ ಬಂದಾಗ ಮಾತ್ರ. ಆಮೇಲೆ ಅವ್ವನೇ ಒಂದು ಉಪಾಯ ಹೇಳಿದಳು: "ಹೂವಿನ ಕಾಲದಾಗ ವಾರಕ್ಕೊಂದ ಹಾಕಿಬಿಡ. ಬರೂದ ಬ್ಯಾಡ." ನಾನು ಹಾಕಿದೆ. ಹತ್ತಿ ಮುಗಿದರೆ ಮೆಣಸಿನಕಾಯಿ, ಅದು ಮುಗಿದರೆ ಬದನೆ. ಹೂವಿನ ಕಾಲ ಮುಗಿಯುವುದೇ ಇಲ್ಲ. ನನಗೆ ರಜೆ ಭಾನುವಾರ, ಹಾಗಾಗಿ ಅವ್ವನ ಸೂಜಿಯೂ ಭಾನುವಾರ. ಬಸ್ಸು ಇಳಿದು ಮನೆಗೆ ಹೋಗಿ, ಕೈ ತೊಳೆದು, ಸೂಜಿ ಮಾಡಿ, ಆಮೇಲೆ ಊಟಕ್ಕೆ ಕೂರುತ್ತಿದ್ದೆ. ಕೆಲವರು ಅವ್ವನಿಗೆ ಸೀರೆ ಒಯ್ಯುತ್ತಾರೆ, ಕೆಲವರು ಹಣ್ಣು ಒಯ್ಯುತ್ತಾರೆ. ನಾನು ಇದನ್ನು ಒಯ್ಯುತ್ತಿದ್ದೆ.

ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಅಬಲೂರಿನ ಹಿರಿಯರಿಗೆ ಹೇಳಿದ ಕಸದ ಮಾತು ಅವ್ವನಿಗೂ ಸಲ್ಲುತ್ತದೆಂದು ಗೊತ್ತಿತ್ತು. ಏಳು ದಿನ ಎರಡು ಹೊತ್ತು ಕೊಡಬೇಕಾದದ್ದನ್ನು ವಾರಕ್ಕೊಂದು ಸಲ ಕೊಟ್ಟರೆ ರೋಗ ಸಾಯುವುದಿಲ್ಲ, ಮದ್ದಿನ ಪರಿಚಯ ಮಾಡಿಕೊಳ್ಳುತ್ತದೆ ಅಷ್ಟೆ. ಇದನ್ನು ನಾನೇ ಹೊಸ ನರ್ಸುಗಳಿಗೆ ಹೇಳಿಕೊಡುತ್ತಿದ್ದೆ. ಆದರೆ ಪಾಠ ಇದ್ದದ್ದು ರೋಗಿಗಳಿಗೆ. ಅವ್ವ ರೋಗಿ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಡಾಕ್ಟರ್ ಪ್ರಿಯಂವದಾ ಬಂದರು. ಸಂಸ್ಕೃತ ಪಾಠ ಹೇಳುತ್ತಿದ್ದವರ ಮನೆತನ. ಔಷಧಿ ಚೀಟಿಯನ್ನೂ ಎರಡು ಸಲ ಓದದೆ ಕೈಬಿಡುವುದಿಲ್ಲ. ಬಂದ ತಿಂಗಳಲ್ಲೇ ನಿಯಮ ತಂದರು. ಅವರ ಸಹಿ ಇಲ್ಲದೆ ಆಂಟಿಬಯೋಟಿಕ್ ಕಪಾಟಿನಿಂದ ಹೊರಗೆ ಬರಬಾರದು. ಉಳಿದ ಮದ್ದು ಕಪಾಟಿಗೇ ಮರಳಬೇಕು. ಮೊದಲ ಸೂಜಿಗೆ ಮುಂಚೆ ಮೂತ್ರವನ್ನೋ ರಕ್ತವನ್ನೋ ಕಲ್ಚರ್ ಪರೀಕ್ಷೆಗೆ ಕಳಿಸಬೇಕು, ಯಾವ ಮದ್ದಿಗೆ ರೋಗಾಣು ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಅದು ಹೇಳುತ್ತದೆ. ಬಂದ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳಬೇಕು: ಮೂರು ತಿಂಗಳಲ್ಲಿ ಯಾವ ಸೂಜಿ, ಯಾವ ಗುಳಿಗೆ ತಗೊಂಡೀರಿ? ಈ ನಿಯಮಗಳನ್ನು ಕಾಯುವ ಕೆಲಸ ನನ್ನದು. ಕಾದೆ ಕೂಡ, ವಾರಕ್ಕೆ ಆರು ದಿನ.

ಹೋದ ವರ್ಷ ನೀಲಪ್ಪ ಸಿಕ್ಕಿಬಿದ್ದ. ಇಪ್ಪತ್ತು ವರ್ಷದ ಹಳೆಯ ಕಂಪೌಂಡರ್. ರೋಗಿಗಳು ಬಿಟ್ಟು ಹೋದ ಗುಳಿಗೆಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ತನ್ನ ಓಣಿಯವರಿಗೆ ನಾಲ್ಕು ನಾಲ್ಕು ಹಂಚುತ್ತಿದ್ದ. ಡಬ್ಬಿಯನ್ನು ಪ್ರಿಯಂವದಾ ಮೇಡಂ ಮುಂದೆ ತಂದಿಟ್ಟವಳು ನಾನೇ. ಮೇಡಂ ಒಂದು ಮಾತೂ ಕೇಳದೆ ಅವನನ್ನು ಮನೆಗೆ ಕಳಿಸಿದರು. ಗೇಟಿನ ಹತ್ತಿರ ನೀಲಪ್ಪ ನಿಂತು, "ರವಿವಾರ ನಿಮ್ಮ ಚೀಲದಾಗ ಏನ ಹೊಕ್ಕೈತಿ ಅಂತ ನನಗ ಗೊತ್ತೈತ್ರಿ ಸಿಸ್ಟರ್. ನಾ ಹೇಳೂದಿಲ್ಲ ಬಿಡ್ರಿ" ಎಂದ. ಹೇಳಲೂ ಇಲ್ಲ. ಆ ವಾರ ನಾನು ಊರಿಗೆ ಹೋಗಲಿಲ್ಲ. ಮುಂದಿನ ವಾರ ಹೋದೆ, ಚೀಲದಲ್ಲಿ ಬಾಟಲಿ ಇತ್ತು.

ಈ ವರ್ಷ ಶ್ರಾವಣ ಕಳೆದ ಮೇಲೆ ಸೂಜಿಗೆ ಉರಿ ಜಗ್ಗಲಿಲ್ಲ. ಒಂದು ಭಾನುವಾರ ಹಾಕಿದರೆ ಬುಧವಾರಕ್ಕೇ ಮತ್ತೆ ಶುರು. ಮುಂದಿನ ಭಾನುವಾರ ಎರಡು ಹಾಕಿದೆ, ಒಂದೊಂದು ಕಡೆ ಒಂದೊಂದು. ಅವ್ವ ಹಲ್ಲು ಕಚ್ಚಿಕೊಂಡು, "ಈ ಸಲ ಮದ್ದ ಹಳೇದಿತ್ತೇನ?" ಎಂದಳು. ನಾನು "ಹೂಂ, ಇರಬೇಕ" ಎಂದೆ. ಮದ್ದು ಹಳೆಯದಾಗಿರಲಿಲ್ಲ. ಅದು ಗೊತ್ತಿದ್ದೂ ಊಟ ಮುಗಿಸಿ ಬಸ್ಸು ಹತ್ತಿದೆ.

ಮೂರು ದಿನ ಕಳೆದು ಬುಧವಾರ ಬೆಳಿಗ್ಗೆ ಸುನೀಲ ಅವ್ವನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೇ ಬಂದ. ಮೂರು ಕೌದಿ ಹೊದಿಸಿದ್ದ, ಆದರೂ ಅವ್ವ ಗಡಗಡ ನಡುಗುತ್ತಿದ್ದಳು. ಬಲಗಡೆ ಬೆನ್ನಿನ ಕೆಳಗೆ ಕೈ ಇಟ್ಟರೆ ಚೀರುತ್ತಿದ್ದಳು. ರೋಗ ಮೂತ್ರಪಿಂಡಕ್ಕೆ ಏರಿದೆ ಎಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ.

ಪ್ರಿಯಂವದಾ ಮೇಡಂ ಬಂದು ಕೂತರು. ನನ್ನ ಅವ್ವ ಎಂದು ತಿಳಿದು ಇನ್ನೂ ನಿಧಾನವಾಗಿ ನೋಡಿದರು. ಆಮೇಲೆ ಪ್ರಶ್ನೆ ಬಂತು, ನಾನೇ ಬರೆದು ಗೋಡೆಗೆ ಅಂಟಿಸಿದ ಪ್ರಶ್ನೆ.

"ಅಮ್ಮಾ, ಈ ಮೂರು ತಿಂಗಳದೊಳಗ ಯಾವದರೆ ಸೂಜಿ, ಗುಳಿಗಿ ತಗೊಂಡೀರೇನು?"

ಅವ್ವ ನನ್ನ ಮುಖ ನೋಡಿದಳು. ಒಂದು ಗಳಿಗೆ ಅಷ್ಟೆ. ನೀಲಪ್ಪನ ಕತೆ ನಾನೇ ಅವಳಿಗೆ ಹೇಳಿದ್ದೆ, ನಕ್ಕೋತ ಹೇಳಿದ್ದೆ.

"ಇಲ್ರಿ ಬಾಯಾರ. ನಾ ದವಾಖಾನಿ ಕಟ್ಟೀನ ಹತ್ತಿದಾಕಿ ಅಲ್ಲ. ಸೂಜಿ ಅಂದ್ರ ನನಗ ಅಂಜಿಕಿ" ಎಂದಳು.

ಮೇಡಂ ನನ್ನ ಕಡೆ ತಿರುಗಿದರು. "ಹೌದೇನ್ರಿ ಮಂಜುಳಾ?"

"ಹೌದ್ರಿ ಮೇಡಂ" ಎಂದೆ.

ಎರಡು ಶಬ್ದ. ಯಾಕೆ ಹಾಗೆಂದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ನೌಕರಿಯ ಹೆದರಿಕೆ ಇತ್ತು. ನೀಲಪ್ಪನಿಗೆ ಮಾಡಿದ್ದು ನನಗೂ ಆಗುತ್ತದೆ ಎಂಬ ನಾಚಿಕೆ ಅದಕ್ಕಿಂತ ಹೆಚ್ಚಿತ್ತು. ಇವೆರಡರ ಮೇಲೆ ನನ್ನದೇ ಒಂದು ಲೆಕ್ಕಾಚಾರವೂ ಇತ್ತು: ವಾರಕ್ಕೊಂದು ಸೂಜಿಗೇ ಇಳಿಯುತ್ತಿದ್ದದ್ದು, ದಿನಕ್ಕೆರಡು ಸಲ ನರಕ್ಕೆ ಹಾಕಿದರೆ ಇಳಿಯದೆ ಇರುತ್ತದೆಯೇ? ಪೂರ್ತಿ ಕೋರ್ಸ್ ಮಾಡಿದರಾಯಿತು, ಹಳೆಯ ತಪ್ಪು ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳ ತಿಳಿವಳಿಕೆ ಇದು. ಮೊದಲೇ ತಗೊಂಡಿಲ್ಲ ಎಂದ ಮೇಲೆ ಮೇಡಂ ಅದೇ ಸೆಫ್ಟ್ರಿಯಾಕ್ಸೋನ್ ಬರೆದರು, ಮೂತ್ರವನ್ನು ದಾವಣಗೆರೆಯ ಲ್ಯಾಬಿಗೆ ಕಳಿಸಲು ಹೇಳಿದರು. ಮೊದಲ ಡೋಸು ನಾನೇ ಹಾಕಿದೆ.

ಬುಧವಾರ ಜ್ವರ ಇಳಿಯಲಿಲ್ಲ. ಗುರುವಾರ ಮಧ್ಯಾಹ್ನ ಸ್ವಲ್ಪ ಬೆವರು ಬಂತು, ನಾನು ಕುಣಿಯುವುದೊಂದು ಬಾಕಿ. ಸಂಜೆಗೆ ಮತ್ತೆ ನೂರಾ ನಾಲ್ಕು. ಅವ್ವ ನನ್ನನ್ನು ಹತ್ತಿರ ಕರೆದು, "ಇವರದು ಕೈ ಸಮಾ ಇಲ್ಲ. ನೀನ ಒಂದ ಮಾಡ, ರವಿವಾರ ಮಾಡ್ತಿದ್ದೆಲ್ಲ, ಅದನ್ನ" ಎಂದು ಪಿಸುಗುಟ್ಟಿದಳು. ಅವಳ ರಕ್ತದೊಳಗೆ ಹನಿಯುತ್ತಿದ್ದದ್ದು ಅದೇ ಎಂದು ಹೇಗೆ ಹೇಳಲಿ? ಒದ್ದೆ ಬಟ್ಟೆಯಿಂದ ಹಣೆ ಒರೆಸಿ ಎದ್ದುಬಂದೆ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಲ್ಯಾಬಿನ ನದೀಮ ಓಡುತ್ತ ಬಂದ. ದಾವಣಗೆರೆಯಿಂದ ಅವನ ಮೊಬೈಲಿಗೆ ವರದಿ ಬಂದಿತ್ತು. ಒಂದೊಂದು ಮದ್ದಿನ ಹೆಸರು, ಅದರ ಮುಂದೆ ಒಂದೊಂದು ಅಕ್ಷರ. ಆರ್ ಎಂದಿದ್ದರೆ ಆ ಮದ್ದಿಗೆ ರೋಗಾಣು ಬಗ್ಗುವುದಿಲ್ಲ ಎಂದರ್ಥ.

"ಮೇಡಂ, ಹನ್ನೆರಡರಾಗ ಹತ್ತು ಆರ್ ಐತ್ರಿ. ಐಸಿಯುದಾಗ ತಿಂಗಳಗಟ್ಟಲೆ ಬಿದ್ದವರಿಗೆ ಬರೂ ರಿಪೋರ್ಟ್ ಇದು" ಎಂದ.

ಪ್ರಿಯಂವದಾ ಮೇಡಂ ಅದನ್ನು ಎರಡು ಸಲ ಓದಿದರು. ಅವರ ಹುಬ್ಬು ಗಂಟಾಯಿತು. "ಹೊಲದಾಗ ದುಡಿಯೋ ಹೆಣ್ಣುಮಗಳು, ಒಂದ ಸೂಜಿನೂ ತಗೊಂಡಿಲ್ಲ. ಇವರಿಗೆ ಹಿಂಗ ಬರ್ಲಿಕ್ಕೆ ಸಾಧ್ಯನ ಇಲ್ಲ. ನದೀಮ, ಬಾಟ್ಲಿ ಅದಲಾ ಬದಲಿ ಆಗ್ಯದೇನು?"

"ಇಲ್ರಿ ಮೇಡಂ, ನಾನ ಹೆಸರ ಬರದು ಅಂಟಿಸೇನ್ರಿ."

"ಮತ್ತೊಮ್ಮೆ ಕಳಸ್ರಿ. ಅದು ಬರೋತನಕ ಇದ ನಡೀಲಿ. ಇಲ್ಲದ ರೋಗಕ್ಕ ದೊಡ್ಡ ಔಷಧ ಹಾಕೋದು ಬ್ಯಾಡ" ಎಂದರು.

ಮತ್ತೊಮ್ಮೆ ಎಂದರೆ ಇನ್ನೆರಡು ದಿನ. ಮೇಡಂ ತಪ್ಪು ಹೇಳಲಿಲ್ಲ. ಅವ್ವ ಹೇಳಿದ್ದನ್ನು, ನಾನು ಹೌದೆಂದದ್ದನ್ನು ನಂಬಿದರು, ಅಷ್ಟೆ. ನದೀಮ ಸಪ್ಪೆ ಮುಖ ಮಾಡಿಕೊಂಡು ಹೊಸ ಬಾಟಲಿ ತರಲು ಹೋದ. ಅವನದಲ್ಲದ ತಪ್ಪನ್ನು ಅವನ ತಲೆಗೆ ಕಟ್ಟಿ ನಾನು ನಿಂತಿದ್ದೆ.

ಆಗಲೇ ಬಾಯಿ ಬಿಟ್ಟೆ ಎಂದು ಬರೆಯಬೇಕೆಂದು ಆಸೆ. ಬಿಡಲಿಲ್ಲ. ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಮಡಿಚಿಟ್ಟಿದ್ದ ಹಾಸಿಗೆ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಚಿದೆ. ಹೊರಗೆ ಬಂದು ಇಬ್ಬರು ರೋಗಿಗಳಿಗೆ ಡ್ರೆಸ್ಸಿಂಗ್ ಮಾಡಿದೆ. ಒಬ್ಬಳನ್ನು ಬೈದೆ ಕೂಡ. ಅವ್ವನ ಮಂಚದ ಹತ್ತಿರ ಹೋದಾಗಲೆಲ್ಲ ಅವಳ ಉಸಿರು ಹಿಂದಿನದಕ್ಕಿಂತ ಜೋರಾಗಿತ್ತು. ಒಂದೂವರೆಗೆ ರಕ್ತದೊತ್ತಡ ನೋಡಿದೆ. ಮೇಲಿನದು ಎಂಬತ್ತಕ್ಕೆ ಇಳಿದಿತ್ತು. ತೋಳಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ ನೋಡಿದೆ. ಎಂಬತ್ತು. ಹತ್ತೂವರೆಯಿಂದ ಒಂದೂವರೆಯವರೆಗೆ, ಮೂರು ತಾಸು. ಬುಧವಾರದ ಸುಳ್ಳನ್ನು ಹೆದರಿಕೆ ಎನ್ನಬಹುದು. ಈ ಮೂರು ತಾಸಿಗೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಮೇಡಂ ಬಂದರು. ಮಂಚದ ಆ ಕಡೆ ಅವರು, ಈ ಕಡೆ ನಾನು, ಕಾಲ ಹತ್ತಿರ ಸುನೀಲ.

"ಮೇಡಂ, ರಿಪೋರ್ಟ್ ಖರೇ ಐತ್ರಿ" ಎಂದೆ. "ನದೀಮಂದೇನೂ ತಪ್ಪಿಲ್ರಿ. ಮೂರ ವರ್ಷದಿಂದ ನಾ ಅವ್ವಗ ಇದ ಸೂಜಿ ಮಾಡಾಕತ್ತೇನ್ರಿ. ವಾರಕ್ಕೊಂದು. ಹೋದ ರವಿವಾರ ಎರಡು."

ಅವರು ಏನಾದರೂ ಹೇಳುವುದರೊಳಗೆ ಅವ್ವ ಕಣ್ಣು ಬಿಟ್ಟಳು. ಎರಡು ದಿನದಿಂದ ಸರಿಯಾಗಿ ತಲೆ ಎತ್ತದವಳು ಮೊಣಕೈ ಊರಿ ಅರ್ಧ ಎದ್ದು ಕೂತಳು.

"ಸುಳ್ರಿ ಬಾಯಾರ. ಅಕಿ ಸುಳ್ಳ ಹೇಳಾಕತ್ತಾಳ್ರಿ. ನನ್ನ ಮಗಳು ಕಾಯ್ದೆ ಬಿಟ್ಟ ನಡಿಯಾಕಿ ಅಲ್ಲ. ನನಗ ಯಾರೂ ಸೂಜಿ ಮಾಡಿಲ್ಲ."

"ಅವ್ವ, ಸುಮ್ನಿರ."

"ನೀ ಸುಮ್ನಿರ. ನಿದ್ದಿಗೆಟ್ಟು ಏನೇನರ ಬಡಬಡಸಾಕತ್ತಾಳ್ರಿ. ಮನಸಿಗೆ ಹಚ್ಚಿಕೋಬ್ಯಾಡ್ರಿ. ಭಾಳ ಛಲೋ ನರ್ಸ್ ಅದಾಳ್ರಿ." ಅವ್ವ ಮೇಡಂ ಅವರ ಬಿಳಿ ಕೋಟಿನ ತುದಿ ಹಿಡಿದುಕೊಂಡಳು.

ಪ್ರಿಯಂವದಾ ಮೇಡಂ ನನ್ನನ್ನು ನೋಡಿದರು, ಅವ್ವನನ್ನು ನೋಡಿದರು. ಕೈಯಲ್ಲಿ ಇದ್ದದ್ದು ದೊಡ್ಡ ಮದ್ದು ಹಾಕುವ ನಿರ್ಧಾರ. ಒಬ್ಬಳು ಹೌದೆನ್ನುತ್ತಾಳೆ, ಒಬ್ಬಳು ಇಲ್ಲವೆನ್ನುತ್ತಾಳೆ. "ಯಾರ ಮಾತು ನಂಬಬೇಕ್ರೀ ನಾನು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಸಾಕ್ಷಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ವಾರವಾರ ಒಂದೇ ಜಾಗಕ್ಕೆ ಸೂಜಿ ಚುಚ್ಚಿದರೆ ಮಾಂಸ ಗಂಟು ಕಟ್ಟುತ್ತದೆ. ಸುನೀಲನನ್ನು ಹೊರಗೆ ಕಳಿಸಿದೆ. "ಅವ್ವ, ಆ ಮಗ್ಗಲಾ ಆಗು" ಎಂದೆ. ಅವಳಿಗೆ ಅರ್ಥವಾಯಿತು. ಎರಡೂ ಕೈಯಿಂದ ಸೀರೆ ಬಿಗಿ ಹಿಡಿದುಕೊಂಡಳು. ನಾನು ಬೆರಳು ಒಂದೊಂದಾಗಿ ಬಿಡಿಸಿದೆ. ಜ್ವರದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ, ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಕೊನೆಗೆ ಎಳೆದೆ. ಹೆತ್ತ ಅವ್ವನನ್ನು ಬಲವಂತವಾಗಿ ಹೊರಳಿಸಿ, ಸೀರೆ ಸರಿಸಿ, ಎರಡೂ ಕಡೆಯ ಸೊಂಟವನ್ನು ಡಾಕ್ಟರಿಗೆ ತೋರಿಸಿದೆ. ಅಲ್ಲಿ ನನ್ನ ಮೂರು ವರ್ಷದ ಭಾನುವಾರಗಳೆಲ್ಲ ಗಟ್ಟಿಯಾಗಿ ಕೂತಿದ್ದವು.

ಮೇಡಂ ಒಂದು ಗಂಟಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ತಾವೇ ಸೀರೆ ಸರಿಮಾಡಿ ಹೊದಿಸಿದರು. "ನೀಲಪ್ಪನ ಡಬ್ಬಿ ನನ್ನ ಮುಂದ ತಂದಿಟ್ಟವರು ನೀವಲ್ಲೇನ್ರಿ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ವರದಿಯಲ್ಲಿ ಉಳಿದಿದ್ದ ಎರಡು ಮದ್ದುಗಳಲ್ಲಿ ಒಂದನ್ನು ಬರೆದು, ತಾವೇ ಹಾಕಿ, ದಾವಣಗೆರೆಗೆ ಫೋನು ಮಾಡಿ, ಆಂಬುಲೆನ್ಸ್ ಕರೆಸಿದರು. ಎಲ್ಲ ಮುಗಿಯಲು ಅರ್ಧ ತಾಸು ಸಾಕಾಯಿತು. ಆ ಅರ್ಧ ತಾಸಿನ ಕೆಲಸ ಬುಧವಾರವೇ ಆಗಬಹುದಿತ್ತು.

ಆಂಬುಲೆನ್ಸಿನಲ್ಲಿ ನಾನು ಅವ್ವನ ಕೈ ಹಿಡಿಯಲು ಹೋದೆ. ಎಳೆದುಕೊಂಡಳು.

"ನಾ ಸತ್ತಿದ್ರ ಸಾಯ್ತಿದ್ದೆ" ಎಂದಳು. ಬಾಯಿ ಒಣಗಿ ಮಾತು ತುಂಡಾಗಿ ಬರುತ್ತಿತ್ತು. "ಇನ್ನ ನೌಕರಿ ಹೋತಲ್ಲ. ನನ್ನಂಗ ಹೊಲದಾಗ ನಿಂತು, ಉಚ್ಚಿ ತಡಕೊಂಡು, ಹೂವ ತೀಡ್ತೀಯೇನ? ಅದಕ್ಕ ಓದಸಿದ್ನೇನ ನಿನ್ನ?"

ನಾನು ಅಳುತ್ತ ಕೂತೆ. ಅವಳು ನನಗೆ ಆಡಿದ ಕೊನೆಯ ಮಾತು ಅದೇ.

ದಾವಣಗೆರೆಯಲ್ಲಿ ಅವಳನ್ನು ಒಳಗೆ ತಗೊಂಡು ಆಮ್ಲಜನಕದ ಮಾಸ್ಕ್ ಹಾಕಿದರು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹಾಳೆ ಹಿಡಿದು ಬಂದರು. ಹೆಸರು, ಊರು, ವಯಸ್ಸು ಬರೆದುಕೊಂಡು, "ಮುಂಚೆ ಯಾವುದಾದರೂ ಆಂಟಿಬಯೋಟಿಕ್ ತಗೊಂಡಿದ್ರಾ?" ಎಂದು ಕೇಳಿದರು.

ನಾನು ಎಲ್ಲ ಹೇಳಿದೆ. ಯಾವ ಮದ್ದು, ಎಷ್ಟು ಗ್ರಾಂ, ಯಾವಾಗಿನಿಂದ, ಯಾವ ವಾರ ಎರಡು. ಅವರು ಬರೆಯುತ್ತ ಬರೆಯುತ್ತ ತಲೆ ಎತ್ತಿದರು. "ಯಾರು ಕೊಟ್ಟಿದ್ದು?"

"ನಾನ ಕೊಟ್ಟಿದ್ದು. ನಾ ಮಗಳು. ನರ್ಸ್ ಅದೇನಿ."

ಮಂಚದ ಮೇಲೆ ಅವ್ವನ ತಲೆ ಅಲುಗಿತು. ಕಣ್ಣು ಮುಚ್ಚಿಯೇ ಇತ್ತು. ಮಾಸ್ಕಿನೊಳಗಿನಿಂದಲೇ ಆ ಕಡೆ ಈ ಕಡೆ ತಲೆ ಆಡಿಸಿದಳು. ಸಾಲದೆಂದು ಸಲೈನ್ ಚುಚ್ಚಿದ್ದ ಕೈ ಎತ್ತಿ, ಬೆರಳು ಅಲ್ಲಾಡಿಸಿದಳು. ಇಲ್ಲ, ಇಲ್ಲ.

"ಪೇಶೆಂಟ್ ಇಲ್ಲ ಅಂತಿದಾರಲ್ಲಮ್ಮ" ಎಂದರು ಆ ಡಾಕ್ಟರು.

"ನಮ್ಮವ್ವ ಸುಳ್ಳ ಹೇಳಾಕತ್ತಾಳ್ರಿ" ಎಂದೆ. "ನಾ ಹೇಳಿದ್ದ ಬರ್ಕೊಳ್ರಿ."

ಅವರು ಬರೆದುಕೊಂಡರು. ಅವ್ವ ಕೈ ಕೆಳಗಿಟ್ಟಳು.

ಸೋಮವಾರ ಮಧ್ಯಾಹ್ನ ಅವ್ವ ಹೋದಳು. ಹೊಸ ಮದ್ದು ಹಿಡಿಯತೊಡಗಿತ್ತು, ಆದರೆ ಅಷ್ಟರೊಳಗೆ ಮೂತ್ರಪಿಂಡ ಎರಡೂ ಕೈಬಿಟ್ಟಿದ್ದವು. ಎರಡು ದಿನ ಮೊದಲೇ ಬಂದಿದ್ದರೆ ಎಂದು ಅಲ್ಲಿಯವರು ಹೇಳಲು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ನಡುವೆ ಒಮ್ಮೆ ಎಚ್ಚರವಾಗಿ ಸುನೀಲನ ಹತ್ತಿರ ನೀರು ಕೇಳಿದಳಂತೆ. ನಾನು ಬಾಗಿಲ ಹೊರಗೇ ಇದ್ದೆ. ನನ್ನನ್ನು ಕೇಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಪ್ರಿಯಂವದಾ ಮೇಡಂ ಮಾಸೂರಿಗೆ ಬಂದರು. ಕುರ್ಚಿ ತಂದರೂ ಬೇಡವೆಂದು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ರಾಜೀನಾಮೆ ಬರೆದು ಇಟ್ಟಿದ್ದೆ, ಅವರ ಕೈಗೆ ಕೊಟ್ಟೆ. ತಮ್ಮ ರೂಢಿಯಂತೆ ಎರಡು ಸಲ ಓದಿ ನನ್ನ ಮಡಿಲಿಗೇ ವಾಪಸ್ ಇಟ್ಟರು.

"ನೀಲಪ್ಪಗ ನಾ ಒಂದ ಮಾತು ಕೇಳಲಿಲ್ಲ, ಯಾಕ ಕೊಟ್ಟಿ, ಯಾರ್ಯಾರಿಗೆ ಕೊಟ್ಟಿ ಅಂತ" ಎಂದರು. "ಕೇಳದ ಹೊರಗ ಹಾಕಿಬಿಟ್ಟೆ. ಅದನ್ನ ನೋಡಿದವರು ಯಾರು ಬಾಯಿ ಬಿಡ್ತಾರ? ಮೊನ್ನೆ ಅವನ ಮನೀಗೆ ಹೋಗಿದ್ದೆ. ಮತ್ತ ಬಾ ಅಂತ ಹೇಳೀನಿ." ಆಮೇಲೆ, "ಬುಧವಾರನ ಹೇಳಿದ್ದರ ಬೈತಿದ್ದೆ ಮಂಜುಳಾ. ಭಾಳ ಬೈತಿದ್ದೆ. ನಿಮ್ಮನ್ನ ಬಿಟ್ಟು ಆಸ್ಪತ್ರಿ ನಡಸ್ಲಿಕ್ಕೆ ನನಗೆಲ್ಲಿ ಬರ್ತದ? ಸೋಮವಾರದಿಂದ ಬರ್ರಿ" ಎಂದರು.

ಅವರು ಹೋದ ಮೇಲೆ ಸುನೀಲ ಬಾಗಿಲಲ್ಲಿ ನಿಂತು, "ಅಕ್ಕಾ, ನೌಕರಿ ಉಳೀತಲ್ಲ" ಎಂದ. ಅವನು ಸಮಾಧಾನಕ್ಕೆ ಹೇಳಿದ್ದು. ನಾನು ಗೋಡೆಗೆ ತಲೆ ಕೊಟ್ಟು, ಹದಿನೈದು ದಿನದಿಂದ ಬಾರದ ದನಿ ತೆಗೆದು ಅತ್ತೆ. ಅವ್ವ ಮೊಣಕೈ ಊರಿ ಎದ್ದು ಕೂತು ಸುಳ್ಳು ಹೇಳಿದ್ದು ಈ ನೌಕರಿಗಾಗಿ. ಅದು ಹೋಗುವ ನೌಕರಿಯೇ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ನಾನು ಹಿರೇಕೆರೂರಿಗೆ ಹೊರಟೆ.